ಹೌದು ಎಂದ ಹುಡುಗ, ಒಪ್ಪದ ಮಕ್ಕಳು

ಡಿಸೆಂಬರ್ ತಿಂಗಳು ಬಂತೆಂದರೆ ನನಗೆ ಈಗಲೂ ವಾರ್ಷಿಕೋತ್ಸವದ ತಾಲೀಮು ನೆನಪಾಗುತ್ತದೆ. ನನ್ನ ಬಳಿ ಓದಿದವರಿಗೆ ಆ ದಿನಗಳನ್ನು ವಿವರಿಸಬೇಕಾದ ಅಗತ್ಯವಿಲ್ಲ. ಮಧ್ಯಾಹ್ನದ ಕೊನೆಯ ಎರಡು ಪೀರಿಯಡ್‌ಗಳಿಗೆ ಬಿಡುವು. ಬೆಂಚುಗಳನ್ನು ಗೋಡೆಗೆ ಒತ್ತರಿಸಿ ನಡುವೆ ಮಾಡಿಕೊಂಡ ಜಾಗವೇ ರಂಗಮಂಟಪ. ಎರಡು ಸ್ವರಗಳು ಎಷ್ಟು ಒತ್ತಿದರೂ ಬಾಯಿಬಿಡದ ಶಾಲೆಯ ಹಾರ್ಮೋನಿಯಂ. ಬಾಗಿಲ ಬಳಿ ಇಣುಕುವ ಏಳನೆಯ ತರಗತಿಯ ಮಕ್ಕಳು. 1994ರಲ್ಲಿ ನಾವು ಗೋವಿನ ಹಾಡನ್ನು ಗೀತರೂಪಕವಾಗಿ ಆಡಲು ಹೊರಟೆವು. ನಾನು ಸಮಾಜ ವಿಜ್ಞಾನದ ಶಿಕ್ಷಕ. ಸಂಗೀತದ ಮೇಷ್ಟ್ರು ನಮ್ಮಲ್ಲಿ ಇರಲಿಲ್ಲವಾದ್ದರಿಂದ, ಭಜನೆಗೆ ಹಾರ್ಮೋನಿಯಂ ಬಾರಿಸಿ ರೂಢಿಯಿದ್ದ ನನ್ನ ಕೊರಳಿಗೇ ಆ ಹೊಣೆ ಬಿತ್ತು. ಆ ತಾಲೀಮಿನಲ್ಲಿ ನಡೆದ ಒಂದು ಸಣ್ಣ ಸಂಗತಿ ಮೂವತ್ತು ವರ್ಷ ಮನಸ್ಸಿನ ಮೂಲೆಯಲ್ಲಿ ಬಿದ್ದಿತ್ತು. ಕಳೆದ ವರ್ಷ ಮಗಳ ಮನೆಯಲ್ಲಿ ಬರ್ಟೋಲ್ಟ್ ಬ್ರೆಕ್ಟ್‌ನ ನಾಟಕಗಳ ಸಂಪುಟವೊಂದನ್ನು ಓದುತ್ತಿದ್ದಾಗ ಅದು ಮೇಲೆದ್ದು ಬಂತು. ಅದನ್ನು ಕಡೆಯಲ್ಲಿ ಹೇಳುತ್ತೇನೆ. ಮೊದಲು ಬರ್ಲಿನ್ ನಗರದ ಮಕ್ಕಳ ಕಥೆ.

ಶಾಲೆಯ ಮಕ್ಕಳು ಆಪೆರಾ, ಅಂದರೆ ಆದ್ಯಂತ ಹಾಡಿನಲ್ಲೇ ನಡೆಯುವ ಗೀತನಾಟಕ ಆಡುವುದು ಯುರೋಪಿಗೆ ಹೊಸತೇನಲ್ಲ. ಹೆನ್ರಿ ಪರ್ಸೆಲ್‌ನ ‘ಡೈಡೊ ಅಂಡ್ ಈನಿಯಸ್’ ಇಂಗ್ಲಿಷ್ ಆಪೆರಾಗಳಲ್ಲಿ ಬಹು ಪ್ರಸಿದ್ಧವಾದದ್ದು. ಅದು 1689ರ ವೇಳೆಗೆ ಲಂಡನ್ನಿನ ಚೆಲ್ಸಿಯಲ್ಲಿ ಜೋಸಿಯಸ್ ಪ್ರೀಸ್ಟ್ ಎಂಬ ನೃತ್ಯಶಿಕ್ಷಕ ನಡೆಸುತ್ತಿದ್ದ ಹುಡುಗಿಯರ ಶಾಲೆಯಲ್ಲಿ ಪ್ರದರ್ಶನ ಕಂಡಿತ್ತು. ಇನ್ನು 1949ರಲ್ಲಿ ಬೆಂಜಮಿನ್ ಬ್ರಿಟನ್ ರಚಿಸಿದ ‘ಲೆಟ್ಸ್ ಮೇಕ್ ಆನ್ ಆಪೆರಾ’ದಲ್ಲಿ ಮೊದಲರ್ಧ ಪೂರ್ತಿ ತಾಲೀಮೇ! ಮಕ್ಕಳೂ ದೊಡ್ಡವರೂ ಸೇರಿ ಆಪೆರಾ ಕಟ್ಟಲು ಸಿದ್ಧರಾಗುತ್ತಾರೆ, ಪ್ರೇಕ್ಷಕರಿಗೂ ಹಾಡು ಕಲಿಸುತ್ತಾರೆ. ಉತ್ತರಾರ್ಧದಲ್ಲಿ ಅದನ್ನೇ ಆಡುತ್ತಾರೆ. ಆದರೆ ಇವೆಲ್ಲವುಗಳಲ್ಲಿ ಮಕ್ಕಳು ಕೊಟ್ಟದ್ದನ್ನು ಕಲಿತು ಹಾಡಿದವರು. ಕೊಟ್ಟದ್ದನ್ನು ಓದಿ, ‘ಇದು ಸರಿಯಿಲ್ಲ’ ಎಂದು ಹೇಳಿ, ಬರೆದವನ ಕೈಯಲ್ಲೇ ತಿದ್ದಿಸಿದ ಮಕ್ಕಳ ವಿಷಯ ಬೇರೆ.

ಹತ್ತನೆಯ ತರಗತಿಗೆ ಪಾಠ ಮಾಡುವಾಗ ಜರ್ಮನಿಯ ವೈಮರ್ ಗಣರಾಜ್ಯಕ್ಕೆ ನಾನು ಕೊಡುತ್ತಿದ್ದುದು ಅರ್ಧ ಪೀರಿಯಡ್. ವರ್ಸೇಲ್ಸ್ ಒಪ್ಪಂದ, ಹಣದುಬ್ಬರ, ನಿರುದ್ಯೋಗ, ಅಲ್ಲಿಂದ ನೇರವಾಗಿ ಹಿಟ್ಲರ್. ಪರೀಕ್ಷೆಗೆ ಅಷ್ಟು ಸಾಕು. ಆದರೆ 1919ರಿಂದ 1933ರವರೆಗಿನ ಆ ಹದಿನಾಲ್ಕು ವರ್ಷಗಳಲ್ಲಿ ಆ ದೇಶದ ಶಾಲೆಗಳಲ್ಲಿ ಏನೆಲ್ಲ ನಡೆಯಿತೆಂಬುದನ್ನು ನಾನು ನಿಮಗೆ ಹೇಳಲೇ ಇಲ್ಲ. ಆಗ ನನಗೂ ಗೊತ್ತಿರಲಿಲ್ಲ. ಪ್ರಷ್ಯದ ಶಿಕ್ಷಣ ಇಲಾಖೆಯಲ್ಲಿ ಲಿಯೋ ಕೆಸ್ಟೆನ್‌ಬರ್ಗ್ ಎಂಬ ಪಿಯಾನೊ ವಾದಕರು ಸಂಗೀತದ ಹೊಣೆ ಹೊತ್ತ ಅಧಿಕಾರಿಯಾಗಿದ್ದರು. ಸಂಗೀತವೆಂದರೆ ಬಿಡುವಿನ ವೇಳೆಯ ಹಾಡಲ್ಲ, ಉಳಿದ ವಿಷಯಗಳಂತೆಯೇ ತರಬೇತಾದ ಶಿಕ್ಷಕರು ಕಲಿಸಬೇಕಾದ ವಿಷಯ ಎಂಬುದು ಅವರ ನಿಲುವು. ಅದಕ್ಕೆಂದೇ ಬರ್ಲಿನ್ನಿನಲ್ಲಿ ಚರ್ಚ್ ಹಾಗೂ ಶಾಲಾ ಸಂಗೀತದ ಅಕಾಡೆಮಿಯೊಂದು ಕೆಲಸ ಮಾಡುತ್ತಿತ್ತು. ಹೆಸರಾಂತ ಸಂಗೀತಕಾರರು ಮಕ್ಕಳಿಗಾಗಿ ಬರೆಯತೊಡಗಿದರು. ಪೌಲ್ ಹಿಂಡೆಮಿತ್ 1930ರಲ್ಲಿ, ಮಕ್ಕಳು ತಾವೇ ಒಂದು ಊರನ್ನು ಕಟ್ಟುವ ಹಾಡಾಟವನ್ನು ರಚಿಸಿದ. ಅದೇ ವರ್ಷ ಕುರ್ಟ್ ವೈಲ್ ಒಂದು ‘ಶಾಲಾ ಆಪೆರಾ’ ಬರೆದ. (ಸುಮಾರು ಅದೇ ಕಾಲದಲ್ಲಿ ನಮ್ಮ ಶಿವರಾಮ ಕಾರಂತರೂ ಗೀತನಾಟಕದ ಪ್ರಯೋಗಗಳಿಗೆ ಕೈಹಾಕಿದ್ದರೆಂಬುದನ್ನು ನೆನೆದರೆ ಸಂತೋಷವಾಗುತ್ತದೆ.)

ವೈಲ್ ಹುಟ್ಟಿದ್ದು 1900ರಲ್ಲಿ, ಡೆಸಾವ್ ಎಂಬ ಊರಿನಲ್ಲಿ. ತಂದೆ ಯಹೂದಿ ಪ್ರಾರ್ಥನಾಲಯದಲ್ಲಿ ಹಾಡುವವರು. 1928ರಲ್ಲಿ ಬ್ರೆಕ್ಟ್‌ನೊಡನೆ ಸೇರಿ ಮಾಡಿದ ‘ಥ್ರೀ ಪೆನ್ನಿ ಆಪೆರಾ’ ಅವನನ್ನು ಇಡೀ ಜರ್ಮನಿಗೆ ಪರಿಚಯಿಸಿತ್ತು. ಅಂಥವನು ಖ್ಯಾತಿಯ ತುದಿಯಲ್ಲಿದ್ದಾಗ ಶಾಲೆಯ ಹುಡುಗರಿಗಾಗಿ ಸುಮಾರು ಮೂವತ್ತೈದು ನಿಮಿಷಗಳ ಕೃತಿಯೊಂದನ್ನು ಬರೆದ: ‘ದೆರ್ ಯಾಜಾಗರ್’, ಅಂದರೆ ‘ಹೌದು ಎನ್ನುವವನು’. ಮಕ್ಕಳೇ ಹಾಡಬೇಕು, ಮಕ್ಕಳೇ ನುಡಿಸಬೇಕು. ವಾದ್ಯಗಳನ್ನು ಅವನು ಆರಿಸಿದ ರೀತಿಯನ್ನು ನೋಡಿದರೆ ಶಾಲೆಗಳ ಬಡತನ ಅವನಿಗೆ ಚೆನ್ನಾಗಿ ಗೊತ್ತಿತ್ತೆನಿಸುತ್ತದೆ. ಪಿಟೀಲು ವರ್ಗದ ತಂತಿವಾದ್ಯಗಳು, ಆದರೆ ವಿಯೋಲಾ ಇಲ್ಲ, ಎರಡು ಪಿಯಾನೊ, ಒಂದು ಹಾರ್ಮೋನಿಯಂ. ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್, ತಾಳವಾದ್ಯ ಇದ್ದರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ. ಹಾರ್ಮೋನಿಯಂ ಎಂಬ ಹೆಸರು ಕಂಡಾಗ ನನಗೆ ನಮ್ಮ ಶಾಲೆಯ ಆ ಮುದಿ ಪೆಟ್ಟಿಗೆ ನೆನಪಾಗಿ ನಗು ಬಂತು. (ಅವರದು ಕಾಲಿನಿಂದ ತುಳಿದು ಗಾಳಿ ತುಂಬುವ ದೊಡ್ಡ ಹಾರ್ಮೋನಿಯಂ, ನಮ್ಮದರ ಹಿರಿಯಣ್ಣ.)

ವೈಲ್‌ನ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಶಾಲಾ ಆಪೆರಾದಲ್ಲಿ ಪ್ರದರ್ಶನಕ್ಕಿಂತ ಅಭ್ಯಾಸವೇ ಮುಖ್ಯವೆಂದು ಅವನು ಹೇಳಿದ. ಪ್ರೇಕ್ಷಕರೆದುರಿನ ಒಂದು ಸಂಜೆ ಗೌಣ. ಅದಕ್ಕೆ ಮೊದಲು ಮಕ್ಕಳು ಆ ಕೃತಿಯೊಡನೆ ಕಳೆಯುವ ದಿನಗಳಲ್ಲೇ ಕಲಿಕೆ ನಡೆಯುವುದು. ಮುಖ್ಯ ಅತಿಥಿಗಳು ಬರುವ ಹೊತ್ತಿಗೆ ಪರದೆ ಏಳಬೇಕೆಂಬುದೊಂದೇ ಚಿಂತೆಯಲ್ಲಿ ಇಪ್ಪತ್ತೈದು ವಾರ್ಷಿಕೋತ್ಸವ ಮಾಡಿಸಿದ ನಾನು ಈ ಮಾತನ್ನು ಎರಡು ಸಲ ಓದಿದೆ.

ಇನ್ನು ಕಥೆ. ಇದರ ಮೂಲ ‘ತಾನಿಕೊ’ ಎಂಬ ಜಪಾನಿನ ಹಳೆಯ ನೋ ನಾಟಕ. ಆರ್ಥರ್ ವೇಲಿ ಎಂಬ ವಿದ್ವಾಂಸ 1921ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವನ್ನು ಎಲಿಜಬೆತ್ ಹೌಪ್ಟ್‌ಮನ್ ಜರ್ಮನಿಗೆ ತಂದಳು. ಅದನ್ನು ಬ್ರೆಕ್ಟ್ ತನ್ನ ರೀತಿಯಲ್ಲಿ ತಿರುಗಿಸಿಕೊಂಡ. ಪರ್ವತಗಳನ್ನು ದಾಟಿ ಪ್ರಯಾಣ ಹೊರಟ ಶಿಕ್ಷಕನೊಬ್ಬ ತನ್ನ ಶಿಷ್ಯನೊಬ್ಬನ ಮನೆಗೆ ವಿದಾಯ ಹೇಳಲು ಬರುತ್ತಾನೆ. ಹುಡುಗನಿಗೆ ತಂದೆಯಿಲ್ಲ, ತಾಯಿ ಕಾಯಿಲೆಯಲ್ಲಿದ್ದಾಳೆ. ಬೆಟ್ಟದಾಚೆಯ ಊರಿನಲ್ಲಿ ದೊಡ್ಡ ವೈದ್ಯರಿದ್ದಾರೆ, ಅಮ್ಮನಿಗೆ ಔಷಧ ತರುತ್ತೇನೆ, ನಾನೂ ಬರುತ್ತೇನೆ ಎಂದು ಹುಡುಗ ಹಟ ಹಿಡಿಯುತ್ತಾನೆ. ಇಬ್ಬರೂ ಬೇಡವೆಂದು ಕೊನೆಗೆ ಒಪ್ಪುತ್ತಾರೆ. ದಾರಿಯಲ್ಲಿ ಹತ್ತುವ ಆಯಾಸಕ್ಕೆ ಹುಡುಗ ಕಾಯಿಲೆ ಬೀಳುತ್ತಾನೆ. ಜೊತೆಗಿದ್ದ ಮೂವರು ವಿದ್ಯಾರ್ಥಿಗಳು ಹಿಂದಿನಿಂದ ಬಂದ ಪದ್ಧತಿಯನ್ನು ಜ್ಞಾಪಿಸುತ್ತಾರೆ: ಈ ಪ್ರಯಾಣದಲ್ಲಿ ಕಾಯಿಲೆ ಬಿದ್ದವನನ್ನು ಕಣಿವೆಗೆ ಎಸೆಯಬೇಕು. ಪದ್ಧತಿಯ ಇನ್ನೊಂದು ಭಾಗವೂ ಇದೆ. ನಿನಗಾಗಿ ನಾವು ಹಿಂದಿರುಗಬೇಕೇ ಎಂದು ಅವನನ್ನು ಕೇಳಬೇಕು. ಬೇಡ, ಇದಕ್ಕೆ ನನ್ನ ಒಪ್ಪಿಗೆಯಿದೆ ಎಂದು ಅವನು ಉತ್ತರಿಸಬೇಕು.

ಕೇಳುವವನು ಶಿಕ್ಷಕ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಒಪ್ಪುತ್ತಾನೆ. ನನ್ನ ಪಾತ್ರೆಯಲ್ಲಿ ಔಷಧ ತುಂಬಿಸಿ ಅಮ್ಮನಿಗೆ ತಲುಪಿಸಿ ಎಂದಷ್ಟೇ ಬೇಡುತ್ತಾನೆ. ಜೊತೆಗಾರರು ಒಬ್ಬರಿಗೊಬ್ಬರು ಒತ್ತಿ ನಿಂತು, ಕಣ್ಣು ಮುಚ್ಚಿ, ಅವನನ್ನು ಕಣಿವೆಗೆ ಎಸೆಯುತ್ತಾರೆ. ಒಪ್ಪಿಗೆಯನ್ನು ಕಲಿಯುವುದೇ ಎಲ್ಲಕ್ಕಿಂತ ಮುಖ್ಯವೆಂದು ಆರಂಭದಲ್ಲಿ ಹಾಡಿದ ಮೇಳವೇ ಕೊನೆಯಲ್ಲೂ ಹಾಡುತ್ತದೆ.

ಓದಿ ಮುಗಿಸಿದಾಗ ನನಗೆ ನೆನಪಾದದ್ದು ತರಗತಿಯ ಒಂದು ದಿನನಿತ್ಯದ ಶಾಸ್ತ್ರ. ಪಾಠ ಮುಗಿದ ಮೇಲೆ ನಾವು “ಅರ್ಥವಾಯಿತೇ?” ಎಂದು ಕೇಳುತ್ತೇವೆ. ಅರವತ್ತು ಮಕ್ಕಳು ಒಂದೇ ಕೊರಳಿನಲ್ಲಿ “ಆಯ್ತು ಸಾರ್” ಎನ್ನುತ್ತಾರೆ. ಕೇಳುವುದೂ ಪದ್ಧತಿ, ಆ ಉತ್ತರವೂ ಪದ್ಧತಿ. ಎಷ್ಟು ಜನರಿಗೆ ಅರ್ಥವಾಯಿತೆಂಬುದು ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ಮಾತ್ರ ತಿಳಿಯುತ್ತಿತ್ತು.

1930ರ ಜೂನ್ 23ರಂದು ಈ ಆಪೆರಾ ಬರ್ಲಿನ್ ರೇಡಿಯೊದಲ್ಲಿ ಮೊದಲು ಕೇಳಿಸಿತು. ಮರುದಿನ ರಂಗದ ಮೇಲೆ ಬಂತು. ಹಾಡಿದವರು, ನುಡಿಸಿದವರು ವಿದ್ಯಾರ್ಥಿಗಳು. ಆ ಬೇಸಿಗೆಯಲ್ಲಿ ಬರ್ಲಿನ್ನಿನಲ್ಲಿ ನಡೆದ ಹೊಸ ಸಂಗೀತೋತ್ಸವಕ್ಕೆಂದೇ ಅದು ಸಿದ್ಧವಾಗಿತ್ತು. ಆದರೆ ಅದೇ ಉತ್ಸವದವರು ಬ್ರೆಕ್ಟ್‌ನ ಇನ್ನೊಂದು ಕೃತಿಯನ್ನು ನಿರಾಕರಿಸಿದ್ದರಿಂದ ವೈಲ್ ತನ್ನದನ್ನೂ ಹಿಂತೆಗೆದುಕೊಂಡು ಹೊರಗೆ ಆಡಿಸಿದ. ಸಂಗೀತ ಎಲ್ಲರಿಗೂ ಮೆಚ್ಚುಗೆಯಾಯಿತು. ಕಥೆಯ ವಿಷಯದಲ್ಲಿ ಮಾತ್ರ ವಿಚಿತ್ರವಾದ ಪರಿಸ್ಥಿತಿ ಉಂಟಾಯಿತು. ಬ್ರೆಕ್ಟ್ ಎಡಪಂಥೀಯ, ಆದರೆ ಹೊಗಳಿದವರಲ್ಲಿ ಧಾರ್ಮಿಕ ಮನೋಭಾವದ ವಿಮರ್ಶಕರೂ ಇದ್ದರು. ಸಮುದಾಯಕ್ಕಾಗಿ ಬಲಿದಾನವೆಂಬುದು ಅವರಿಗೆ ಪ್ರಿಯವಾಗಿ ಕಂಡಿತು. ಫ್ರಾಂಕ್ ವಾರ್‌ಷಾವರ್ ಎಂಬ ವಿಮರ್ಶಕ ‘ವೆಲ್ಟ್‌ಬ್ಯೂನೆ’ ವಾರಪತ್ರಿಕೆಯಲ್ಲಿ ಈ ‘ಹೌದು’ಗೆ ನಮ್ಮ ‘ಇಲ್ಲ’ ಎಂದು ಕಟುವಾಗಿ ಬರೆದ. ಮೊದಲ ಮಹಾಯುದ್ಧ ಮುಗಿದು ಆಗಿನ್ನೂ ಹನ್ನೆರಡು ವರ್ಷವೂ ತುಂಬಿರಲಿಲ್ಲ. ಪ್ರಶ್ನೆ ಕೇಳದೆ ಹೌದು ಎಂದು ಕಂದಕಗಳಿಗೆ ಹೋದ ಹುಡುಗರ ನೆನಪು ಎಲ್ಲರ ಮನೆಯಲ್ಲೂ ಇತ್ತು.

ಇಷ್ಟೆಲ್ಲ ದೊಡ್ಡವರ ಜಗಳ. ನನಗೆ ಆಸಕ್ತಿಯಿರುವುದು ಮುಂದಿನ ಭಾಗದಲ್ಲಿ.

ಬರ್ಲಿನ್ನಿನ ನಾಯ್‌ಕೋಲ್ನ್ ಕಾರ್ಮಿಕರ ಬಡಾವಣೆ. ಅಲ್ಲಿ ಕಾರ್ಲ್ ಮಾರ್ಕ್ಸ್ ಶಾಲೆ ಎಂದು ಹೆಸರಾದ ಒಂದು ದೊಡ್ಡ ಶಾಲೆಯಿತ್ತು. ಅದಕ್ಕೆ ಮೊದಲು ಅದು ಚಕ್ರವರ್ತಿಯ ಹೆಸರು ಹೊತ್ತಿದ್ದ ಶಾಲೆ! ಮುಖ್ಯೋಪಾಧ್ಯಾಯರು ಫ್ರಿಟ್ಸ್ ಕಾರ್ಸನ್. ಶಿಶುವಿಹಾರದಿಂದ ಕಾಲೇಜು ಪ್ರವೇಶದವರೆಗೆ ಎಲ್ಲ ವರ್ಗದ ಮಕ್ಕಳೂ ಒಂದೇ ಶಾಲೆಯಲ್ಲಿ ಓದಬೇಕೆಂದು ಹೋರಾಡಿದವರು. ಓದು ಬಿಟ್ಟು ಕಾರ್ಖಾನೆ ಸೇರಿದ್ದ ಯುವಕರು ಮತ್ತೆ ಓದಿ ವಿಶ್ವವಿದ್ಯಾಲಯಕ್ಕೆ ಹೋಗಲು ಅರ್ಹರಾಗುವಂಥ ತರಗತಿಗಳನ್ನೂ ಅವರು 1923ರಲ್ಲಿಯೇ ಆರಂಭಿಸಿದ್ದರು. ತರಗತಿಯಲ್ಲಿ ಚರ್ಚೆ ಮಾಡುವುದು ಆ ಶಾಲೆಯ ಕಲಿಕೆಯ ಕ್ರಮವೇ ಆಗಿತ್ತು.

‘ಹೌದು ಎನ್ನುವವನು’ ಆ ಶಾಲೆಗೆ ಬಂದಾಗ, ಹಾಡು ಕಲಿಯುವುದರ ಜೊತೆಗೆ ಕಥೆಯೂ ತರಗತಿಗಳಲ್ಲಿ ಚರ್ಚೆಗೆ ಬಿತ್ತು. ಸಣ್ಣ ತರಗತಿಯ ಮಕ್ಕಳಿಂದ ದೊಡ್ಡವರವರೆಗೆ ಎಲ್ಲರೂ ಮಾತನಾಡಿದರು; ಆಡಿದ ಮಾತುಗಳನ್ನು ಬರೆದಿಡಲಾಯಿತು. ಹುಡುಗ ಸಾಯಬೇಕಾದ ಅಗತ್ಯವಾದರೂ ಏನು ಎಂಬುದು ಮುಖ್ಯವಾದ ಆಕ್ಷೇಪ. ಪದ್ಧತಿ ಇದೆ ಎಂದ ಮಾತ್ರಕ್ಕೆ ಅವನು ಒಪ್ಪಿದನೆಂಬುದು ಅವರಿಗೆ ನಂಬಿಕೆ ಬರಿಸಲಿಲ್ಲ. ಮೂಢನಂಬಿಕೆ ಎಷ್ಟು ಹಾನಿಕರವೆಂದು ತೋರಿಸಲು ಈ ನಾಟಕವನ್ನು ಬಳಸಬಹುದು ಎಂದು ಒಂದು ಮಗು ಹೇಳಿತು. ಎಷ್ಟು ಸೌಮ್ಯವಾದ ಮಾತು, ಎಂಥ ಏಟು! ಬರೆದವನ ಉದ್ದೇಶಕ್ಕೆ ನೇರ ವಿರುದ್ಧವಾದ ಉಪಯೋಗವನ್ನು ಅದು ಸೂಚಿಸಿಬಿಟ್ಟಿತ್ತು.

ಬ್ರೆಕ್ಟ್ ಆಗ ಮೂವತ್ತೆರಡರ ಪ್ರಾಯದ, ದೇಶವೆಲ್ಲ ಬಲ್ಲ ಲೇಖಕ. ಅಂಥವರಿಗೆ ಮಕ್ಕಳ ಟೀಕೆ ಬಂದರೆ ‘ದೊಡ್ಡವರಾದ ಮೇಲೆ ಅರ್ಥವಾಗುತ್ತದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಾವೆಲ್ಲ ಬಳಸಿರುವ ಉತ್ತರ ಅದು. ಬ್ರೆಕ್ಟ್ ಹಾಗೆ ಮಾಡಲಿಲ್ಲ. ಆ ವರದಿಗಳನ್ನು ತರಿಸಿಕೊಂಡು ಓದಿ, ನಾಟಕವನ್ನು ಮತ್ತೆ ಬರೆದ. ಒಂದಲ್ಲ, ಎರಡು ನಾಟಕ.

ತಿದ್ದಿದ ‘ಹೌದು ಎನ್ನುವವನು’ವಿನಲ್ಲಿ ಪದ್ಧತಿಯ ಮಾತೇ ಹೋಯಿತು. ಊರಿನಲ್ಲಿ ಸಾಂಕ್ರಾಮಿಕ ರೋಗ ಹರಡಿದೆ. ಔಷಧ ತರಲೆಂದೇ ಪ್ರಯಾಣ. ಕಾಯಿಲೆ ಬಿದ್ದ ಹುಡುಗನನ್ನು ಹೊತ್ತು ದಾಟಲು ಪ್ರಯತ್ನಿಸುತ್ತಾರೆ, ಕಡಿದಾದ ಕಿರುಹಾದಿಯಲ್ಲಿ ಸಾಧ್ಯವಾಗುವುದಿಲ್ಲ. ಹಿಂದಿರುಗಿದರೆ ಊರು ಸಾಯುತ್ತದೆ. ಅವನು ಯೋಚಿಸಿ, ಮುಂದೆ ಹೋಗಿ ಎನ್ನುತ್ತಾನೆ. ಒಬ್ಬನೇ ಬಿದ್ದು ಸಾಯಲು ಹೆದರಿ, ತನ್ನನ್ನು ಎಸೆಯಿರಿ ಎಂದು ತಾನೇ ಕೇಳುತ್ತಾನೆ.

ಇನ್ನೊಂದು ನಾಟಕ ‘ಇಲ್ಲ ಎನ್ನುವವನು’. ಇಲ್ಲಿ ಹಳೆಯ ಕಥೆಯೇ ಇದೆ, ಪದ್ಧತಿಯೂ ಇದೆ. ಶಿಕ್ಷಕ ಕೇಳುವ ಪ್ರಶ್ನೆ ಬಂದಾಗ ಹುಡುಗ ಮಾತ್ರ ಇಲ್ಲ ಎಂದುಬಿಡುತ್ತಾನೆ. ಹೊರಡುವಾಗ ಒಪ್ಪಿದವನು ಈಗೇಕೆ ಒಪ್ಪುವುದಿಲ್ಲ ಎಂದು ಉಳಿದವರು ಕೇಳಿದರೆ, ಅಂದು ಹೇಳಿದ್ದು ತಪ್ಪೆಂದು ತಿಳಿದ ಮೇಲೂ ಅದಕ್ಕೇ ಅಂಟಿಕೊಳ್ಳಬೇಕಾಗಿಲ್ಲ ಎಂಬ ಅರ್ಥದ ಉತ್ತರ ಕೊಡುತ್ತಾನೆ. ಔಷಧಕ್ಕಾಗಿ ಬಂದದ್ದು, ಈಗ ತಾನೇ ಕಾಯಿಲೆ ಬಿದ್ದಮೇಲೆ ಆ ಮಾತಿಲ್ಲ. ಪಾಠದ ಪ್ರಯಾಣ ನಾಲ್ಕು ದಿನ ತಡವಾದರೆ ಯಾವ ನಷ್ಟವೂ ಇಲ್ಲ. ಹಳೆಯ ಪದ್ಧತಿಯ ಬದಲು, ಪ್ರತಿಯೊಂದು ಹೊಸ ಸಂದರ್ಭದಲ್ಲೂ ಹೊಸದಾಗಿ ಆಲೋಚಿಸುವ ಪದ್ಧತಿಯೊಂದು ಬೇಕೆಂದು ಕೇಳುತ್ತಾನೆ. ಜೊತೆಗಾರರು, ಊರಿನವರು ನಕ್ಕರೂ ಸರಿ ಎಂದು ಅವನನ್ನು ಕರೆದುಕೊಂಡು ಹಿಂದಿರುಗುತ್ತಾರೆ.

1931ರಲ್ಲಿ ಇವೆರಡನ್ನೂ ಬ್ರೆಕ್ಟ್ ಒಟ್ಟಿಗೆ ಅಚ್ಚು ಹಾಕಿಸಿದ. ಸಾಧ್ಯವಾದರೆ ಒಂದನ್ನು ಬಿಟ್ಟು ಇನ್ನೊಂದನ್ನು ಆಡಬೇಡಿ ಎಂದ. ಜೊತೆಗೆ ಆ ಶಾಲೆಯ ಮಕ್ಕಳ ಮಾತುಗಳ ಆಯ್ದ ಭಾಗಗಳನ್ನೂ ಸೇರಿಸಿದ. ನಾಟಕ ಓದುವವರೆಲ್ಲರಿಗೂ, ಇದನ್ನು ತಿದ್ದಿಸಿದವರು ಯಾರೆಂಬುದು ಅಲ್ಲಿಯೇ ಕಾಣುತ್ತದೆ.

ಮಕ್ಕಳು ಹೇಳಿದ್ದೆಲ್ಲ ಸರಿ ಎಂದು ನಾನೇನೂ ವಾದಿಸುವುದಿಲ್ಲ. ಮೊದಲ ಪಾಠದಲ್ಲಿರುವ ಭಯ ತಿದ್ದಿದ್ದರಲ್ಲಿ ಕಡಿಮೆಯಾಗಿದೆಯೆಂದೇ ನನ್ನ ಭಾವನೆ; ಕಾರಣ ಸರಿಯಾಗಿದ್ದಷ್ಟೂ ಕಥೆ ತಣ್ಣಗಾಗುತ್ತದೆ. ಇನ್ನೊಂದು ಮಾತು. ವೈಲ್‌ನ ಸಂಗೀತವಿರುವುದು ‘ಹೌದು’ವಿಗೆ. ‘ಇಲ್ಲ’ವನ್ನು ಅವನು ಹಾಡಾಗಿಸಲಿಲ್ಲ. ಮೊಮ್ಮಗ ತನ್ನ ಕಂಪ್ಯೂಟರಿನಲ್ಲಿ ಆ ಆಪೆರಾದ ಧ್ವನಿಮುದ್ರಣವನ್ನು ಹಾಕಿಕೊಟ್ಟ. ಭಾಷೆ ಬಾರದಿದ್ದರೂ, ಹುಡುಗನ ಎಳೆಯ ದನಿ ಒಪ್ಪಿಗೆ ಕೊಡುವ ಜಾಗ ಬಂದಾಗ ನನ್ನ ಕಣ್ಣು ಒದ್ದೆಯಾಯಿತು. ಸಂಗೀತ ಅಷ್ಟು ಬೇಗ ನಮ್ಮನ್ನು ಒಪ್ಪಿಸಿಬಿಡುತ್ತದೆ.

ಆ ಒಂದೆರಡು ವರ್ಷಗಳಲ್ಲಿ ಜರ್ಮನಿಯ ಶಾಲೆಗಳಲ್ಲಿ ಈ ಆಪೆರಾ ನೂರಾರು ಸಲ ನಡೆಯಿತು. 1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ. ಫೆಬ್ರವರಿಯಲ್ಲೇ ಕಾರ್ಸನ್ ಅವರನ್ನು ಕೆಲಸದಿಂದ ತೆಗೆದರು. ಅವರು ದೇಶ ಬಿಟ್ಟರು. ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನ, ಫೆಬ್ರವರಿ 28ರಂದು, ಬ್ರೆಕ್ಟ್ ಬರ್ಲಿನ್ ಬಿಟ್ಟ. ಮಾರ್ಚಿಯಲ್ಲಿ ವೈಲ್ ಪ್ಯಾರಿಸ್ಸಿಗೆ ಹೋದ. ಕೆಸ್ಟೆನ್‌ಬರ್ಗ್ ಮೊದಲು ಪ್ರಾಗ್, ಆಮೇಲೆ ಟೆಲ್ ಅವೀವ್ ಸೇರಿದರು. ಮೇ 10ರಂದು ಬರ್ಲಿನ್ನಿನ ಚೌಕದಲ್ಲಿ ಪುಸ್ತಕಗಳನ್ನು ಸುಟ್ಟಾಗ ಬ್ರೆಕ್ಟ್‌ನ ಪುಸ್ತಕಗಳೂ ಬೆಂಕಿಗೆ ಬಿದ್ದವು. ಬೆಂಕಿಯ ಸುತ್ತ ನಿಂತವರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಬಹಳ ಮಂದಿ. ನಾಯ್‌ಕೋಲ್ನ್‌ನ ಶಾಲೆಯ ಹೆಸರನ್ನೂ ಬದಲಾಯಿಸಿದರು. ವೈಲ್ 1935ರಲ್ಲಿ ಅಮೆರಿಕ ಸೇರಿ ಬ್ರಾಡ್‌ವೇಯಲ್ಲಿ ಹೆಸರು ಮಾಡಿದ. ಆದರೂ ಆ ಹಳೆಯ ಹುಚ್ಚು ಬಿಟ್ಟಿರಲಿಲ್ಲ. ಅಲ್ಲಿನ ಜನಪದ ಗೀತೆಗಳನ್ನು ಹೆಣೆದು ‘ಡೌನ್ ಇನ್ ದ ವ್ಯಾಲಿ’ ಎಂಬ ಪುಟ್ಟ ಆಪೆರಾ ಮಾಡಿದ. 1948ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅದನ್ನು ಮೊದಲು ಆಡಿದರು. ಎರಡು ವರ್ಷಗಳಲ್ಲಿ, ಐವತ್ತರ ಪ್ರಾಯದಲ್ಲಿ ತೀರಿಕೊಂಡ.

ಈಗ 1994ರ ನಮ್ಮ ತಾಲೀಮಿಗೆ ಬರುತ್ತೇನೆ. ಪುಣ್ಯಕೋಟಿಯ ಪಾತ್ರಕ್ಕೆ ದನಿ ಚೆನ್ನಾಗಿದ್ದ ಹುಡುಗಿಯನ್ನು ಆರಿಸಿದ್ದೆವು. ಹುಲಿಗೆ ಹಳದಿ ಬಣ್ಣದ ಗೋಣಿತಾಟು. ಉಳಿದ ಹಸುಗಳಾಗಿ ಒಂಬತ್ತನೆಯ ತರಗತಿಯ ಆರು ಮಂದಿ. ಹುಲಿಗೆ ಕೊಟ್ಟ ಮಾತಿನಂತೆ ಹಿಂದಿರುಗುವ ಮುನ್ನ ಪುಣ್ಯಕೋಟಿ ತನ್ನ ಕರುವನ್ನು ಮಂದೆಗೆ ಒಪ್ಪಿಸುವ ಜಾಗ ನಡೆಯುತ್ತಿತ್ತು. ಆರು ಹಸುಗಳಲ್ಲಿ ಮೂಲೆಯಲ್ಲಿ ನಿಂತಿದ್ದವಳು ಹಾಡುವುದನ್ನು ನಿಲ್ಲಿಸಿ ಕೇಳಿದಳು: “ಸಾರ್, ಇಷ್ಟು ಜನ ಇದೀವಿ, ನಾವ್ಯಾಕೆ ಅವಳನ್ನ ತಡೆಯಲ್ಲ? ಗೊಲ್ಲನಿಗಾದ್ರೂ ಯಾಕೆ ಹೇಳಲ್ಲ?”

ಉಳಿದವರು ನಕ್ಕರು. ವಾರ್ಷಿಕೋತ್ಸವಕ್ಕೆ ಇನ್ನು ಐದು ದಿನವಿತ್ತು. ಬಿ.ಇಡಿ. ಓದುವಾಗ ಪ್ರಶ್ನಿಸುವ ಕೌಶಲವೆಂದು ಆರು ನಿಮಿಷಗಳ ಪಾಠಗಳನ್ನು ನಾವೆಲ್ಲ ಮಾಡಿದ್ದೆವು. ಅಲ್ಲಿ ಪ್ರಶ್ನೆ ಕೇಳುತ್ತಿದ್ದವರು ನಾವು. “ಸತ್ಯದ ಕಥೆ ಇದು, ಅಧಿಕಪ್ರಸಂಗ ಬೇಡ. ನಿನ್ನ ಪಾತ್ರ ನೀನು ಮಾಡು” ಎಂದೆ. ಅವಳು “ಆಯ್ತು ಸಾರ್” ಎಂದು ಸಾಲಿನಲ್ಲಿ ನಿಂತಳು. ಗೀತರೂಪಕ ಚೆನ್ನಾಗಿಯೇ ನಡೆಯಿತು. ಮುಖ್ಯ ಅತಿಥಿಗಳು ಹೊಗಳಿದರು, ಅಮ್ಮಂದಿರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹತ್ತನೆಯ ತರಗತಿಯಲ್ಲಿಯೂ ಅವಳು ನನ್ನ ವಿದ್ಯಾರ್ಥಿನಿ. ಚರಿತ್ರೆಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದಳು. ಆ ವರ್ಷವೆಲ್ಲ ಯೋಚಿಸಿದರೂ, ಅವಳು ನನ್ನನ್ನು ಇನ್ನೊಂದು ಪ್ರಶ್ನೆ ಕೇಳಿದ ನೆನಪಿಲ್ಲ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ತಂಡದಲ್ಲಿದ್ದ ನಿಮಗೆ ಯಾರೆಂದು ಗೊತ್ತು. ಈಗವಳು ಎಲ್ಲಿದ್ದಾಳೆಂದು ತಿಳಿದವರು ಇದನ್ನು ಅವಳಿಗೆ ತಲುಪಿಸಿ. ಮಂದೆಯ ಹಸುಗಳು ಏಕೆ ಸುಮ್ಮನಿದ್ದವೆಂಬ ಪ್ರಶ್ನೆಯ ಮೇಲೆ ಅವಳು ಏನು ಹೇಳಬೇಕೆಂದಿದ್ದಳೋ ಅದನ್ನು ಕೇಳಲು ನಾನು ಈಗ ಸಿದ್ಧನಿದ್ದೇನೆ.